ಸೊಂಟದ ಪ್ಯಾಚು ಮತ್ತು ನವೆ

ಕಳೆದ ತಿಂಗಳು ಒಂಬತ್ತನೇ ಕ್ಲಾಸಿಗೆ ಸಂಧಿ ಪಾಠ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಡಸ್ಟರಿನಿಂದ ಸೊಂಟ ಉಜ್ಜಿಕೊಂಡೆ. ಹಿಂದಿನ ಬೆಂಚಿನವರಿಗೂ ಎಚ್ಚರವಾಯಿತು.

ಕಾರಣ ಹೇಳಿಬಿಡುತ್ತೇನೆ. ಹೋದ ವರ್ಷ ಆಪರೇಷನ್ ಮಾಡಿ ನನ್ನ ಗರ್ಭಕೋಶ, ಅಂಡಾಶಯ ತೆಗೆದರು. ಆಮೇಲೆ ಶುರುವಾಯಿತು ಮೈಯುರಿ. (ತಿಪಟೂರಿನ ಬಿಸಿಲು ಅಂದುಕೊಂಡಿದ್ದೆ. ಧನುರ್ಮಾಸದ ಚಳಿಯಲ್ಲೂ ಫ್ಯಾನ್ ಹಾಕಿದ ಮೇಲೆ ಅನುಮಾನ ಬಂತು.) ತುಮಕೂರಿನ ಡಾಕ್ಟರಮ್ಮ ಹಾರ್ಮೋನ್ ಪ್ಯಾಚು ಕೊಟ್ಟರು. ಚರ್ಮಕ್ಕೆ ಅಂಟಿಸುವ ತೆಳ್ಳನೆಯ ಸ್ಟಿಕರಿನಂಥದ್ದು, ವಾರಕ್ಕೆ ಎರಡು ಸಲ ಬದಲಿಸಬೇಕು. ಉರಿ ನಿಂತಿತು. ನಿದ್ದೆ ಬಂತು. ಗಂಡನ ಮೇಲೆ ರೇಗುವುದೂ ಅರ್ಧಕ್ಕಿಳಿಯಿತು.

ಆದರೆ ನವೆ! ಪ್ಯಾಚು ಕಿತ್ತ ಕಡೆಯೆಲ್ಲ ಕೆಂಪು ಚೌಕ. ನಮ್ಮೂರಲ್ಲಿ ಯಾವ ಕಾಯಿಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದಿಲ್ಲ? ಧಾರಾಳವಾಗಿ ಸವರಿ, ಅದರ ಮೇಲೇ ಹೊಸ ಪ್ಯಾಚು ಒತ್ತಿದೆ. ಮರುದಿನ ನಮ್ಮನೆಯವರು ಟವೆಲ್ಲಿಗೆ ಅಂಟಿದ್ದ ಅದನ್ನು ಬಿಡಿಸಿ, "ಇದೇನೇ, ಮೊಬೈಲ್ ಗಾಜಿನ ಕವರಾ?" ಅಂದರು. ಹೌದು ಅಂದೆ. ಆಪರೇಷನ್ ವಿಷಯ ಅವರಿಗೆ ಗೊತ್ತು. ಅದರಾಚೆಗಿನದನ್ನು ಹೇಳಲು ನಾಲಿಗೆ ಹೊರಳಲಿಲ್ಲ.

ಸಾಕು, ಪ್ಯಾಚನ್ನೇ ಬಿಟ್ಟುಬಿಡೋಣ ಅಂದುಕೊಂಡೆ. ಅವತ್ತೇ ಸಂಜೆ ಅಳತೆ ಕೊಡಲು ನೂರ್‌ಜಹಾನ್ ಮನೆಗೆ ಹೋದೆ. ಹತ್ತು ವರ್ಷದಿಂದ ನನ್ನ ರವಿಕೆ ಹೊಲಿಯುವವಳು. ಸೆರಗು ಸರಿಸಿದ್ದೇ ಅವಳ ಟೇಪು ನಿಂತಿತು.

"ಏನ್ ಟೀಚರಮ್ಮ ಇದು, ಸೊಂಟದ ಸುತ್ತ ಕೆಂಪಗೆ?"

ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ.

"ಲಾಡಿ ಕಟ್ಟೋ ಜಾಗಕ್ಕೇ ಅಂಟಿಸ್ಕೊಂಡಿದ್ದೀರಲ್ಲ. ದಿನಾ ಉಜ್ತಾ ಇದ್ರೆ ಕೆಂಪಗಾಗ್ದೆ ಇನ್ನೇನಾಗ್ತದೆ ಕಣ್ರೀ? ಡಾಕ್ಟ್ರು ಅಲ್ಲೇ ಹಾಕಿ ಅಂದ್ರಾ?"

ಸೊಂಟದ ಕೆಳಗೆ ಅಂದಿದ್ದರು. ನಾಚಿಕೆಯಲ್ಲಿ ನನಗೆ ಸೊಂಟ ಅನ್ನುವುದಷ್ಟೇ ಕೇಳಿಸಿತ್ತು.

ನೂರ್‌ಜಹಾನ್ ಟೇಪು ಸುತ್ತಿಟ್ಟಳು. ಆಮೇಲೆ ಮೆಲ್ಲಗೆ, "ನಂಗೂ ಎರಡು ವರ್ಷದಿಂದ ಮೈ ಕುದೀತದೆ. ಮಿಶಿನ್ ತುಳಿದೂ ತುಳಿದೂ ಹಿಂಗಾಯ್ತು ಅಂದ್ಕೊಂಡಿದ್ದೆ. ನಾನೂ ಬತ್ತೀನಿ, ಕರ್ಕೊಂಡ್ ಹೋಗ್ತೀರಾ?" ಅಂದಳು.

ಶನಿವಾರ ಸ್ಕೂಲು ಬಿಟ್ಟ ಮೇಲೆ ಇಬ್ಬರೂ ತುಮಕೂರಿನ ಬಸ್ಸು ಹತ್ತಿದೆವು.

ಡಾಕ್ಟರಮ್ಮ ನನ್ನ ಸೊಂಟ ನೋಡಿ ನಕ್ಕರು. ಲಾಡಿಗೆ ಸಿಗದಂತೆ ಕೆಳಗೆ, ಪೃಷ್ಠದ ಮೇಲೆ ಅಂಟಿಸಬೇಕಂತೆ. ಪ್ರತಿ ಸಲ ಜಾಗ ಬದಲಿಸಬೇಕು, ಬಳಸಿದ ಜಾಗಕ್ಕೆ ವಾರವಾದರೂ ಬಿಡುವು ಕೊಡಬೇಕು. ಅಂಟಿಸುವಾಗ ಚರ್ಮ ಒಣಗಿರಬೇಕು, ಎಣ್ಣೆ ಪೌಡರು ಏನೂ ಕೂಡದು. ಕಿತ್ತ ಮೇಲೆ ಉಳಿದ ಅಂಟು ತೆಗೆಯಲು ಮಾತ್ರ ಕೊಬ್ಬರಿ ಎಣ್ಣೆ ಆಗಬಹುದು. (ಸದ್ಯ, ನಮ್ಮೂರಿನ ಮಾನ ಉಳಿಯಿತು.) ನೂರ್‌ಜಹಾನಳ ಬಿಪಿ ನೋಡಿ, ಕೆಲವು ಟೆಸ್ಟ್ ಬರೆದುಕೊಟ್ಟು, ಔಷಧಿ ಯಾವುದೆಂದು ಆಮೇಲೆ ನೋಡೋಣ, ಹೆದರುವಂಥದ್ದೇನಿಲ್ಲ ಅಂದರು.

ವಾಪಸ್ ಬರುವಾಗ ಬಸ್ಸು ಗುಬ್ಬಿ ದಾಟಿದರೂ ನಮ್ಮ ಮಾತು, ನಗು ಮುಗಿಯಲಿಲ್ಲ. ಮುಂದಿನ ಸೀಟಿನ ಹೆಂಗಸು ಹಿಂತಿರುಗಿ, "ನಂಗೂ ಹಂಗೇ ಆಯ್ತದೆ ಕಣ್ರವ್ವ, ಯಾವ ಡಾಕ್ಟ್ರು?" ಅಂದಳು.

ಈಗ ಕೆಂಪು ಮಾಸಿದೆ. ನಮ್ಮನೆಯವರಿಗೂ ಎಲ್ಲ ಹೇಳಿದೆ. "ಮೊದ್ಲೇ ಹೇಳ್ಬಾರ್ದಿತ್ತಾ?" ಅಂದರು, ಅಷ್ಟೆ.

ಹತ್ತು ವರ್ಷ ಕೂತು ರವಿಕೆಯ ಕತ್ತು ಎಷ್ಟು ಆಳವಿರಬೇಕೆಂದು ಚರ್ಚಿಸಿದ ಇಬ್ಬರು ಹೆಂಗಸರಿಗೆ, ಇಷ್ಟು ಮಾತಾಡಲು ಮೈಯೇ ಕೆಂಪಾಗಬೇಕಿತ್ತೇ?