ನೈರೋಬಿಗೆ ಹೋಗುವಾಗ ಕೊಬ್ಬರಿ ಒಯ್ಯಬೇಡಿ

ಚಿನ್ನೂ, ಪಾಪಣ್ಣಿ, ಬೇಸಿಗೆ ರಜೆಗೆ ನೀವು ಅಪ್ಪ ಅಮ್ಮನ ಜೊತೆ ನೈರೋಬಿಗೆ, ನಿಮ್ಮ ಅತ್ತೆಯ ಮನೆಗೆ ಹೊರಟಿದ್ದೀರಿ. ಮೊನ್ನೆ ಊಟಕ್ಕೆ ಕೂತಾಗ ನಿಮ್ಮಪ್ಪ, "ನಿಮ್ಮಜ್ಜಿ ಹೋಗಿ ಬಂದವ್ಳೆ, ಅವಳನ್ನೇ ಕೇಳ್ಕಳಿ" ಅಂದ. ನೀವು ಕೇಳಿದಿರಿ. ನಾನು "ಏನೈತೆ, ಅದೂ ಒಂದೂರು ಅಷ್ಟೆ" ಅಂದು ತಟ್ಟೆ ಎತ್ತಿಕೊಂಡು ಎದ್ದೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ದಬ್ಬೇಘಟ್ಟದ ಸ್ಕೂಲಿನಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹಳದಿ ಜ್ವರದ ಸೂಜಿ. ಅದನ್ನು ಬೆಂಗಳೂರಿನಲ್ಲಿ ಹಾಕುತ್ತಾರೆ, ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡಿರಬೇಕು. ಹಳದಿ ಕಾರ್ಡು ಕೊಡುತ್ತಾರೆ. ವಾಪಸ್ ಬರುವಾಗ ನಮ್ಮ ದೇಶದವರೇ ಅದನ್ನು ಕೇಳುತ್ತಾರೆ, ಕಳೆಯಬೇಡಿ. ಆಮೇಲೆ ಬೆಚ್ಚನೆಯ ಬಟ್ಟೆ. ಆಫ್ರಿಕ ಅಂದರೆ ಉರಿಬಿಸಿಲು ಅಂದುಕೊಂಡು ನಾನು ಬರೀ ನೂಲಿನ ಸೀರೆ ತುಂಬಿಕೊಂಡು ಹೋದೆ. ನೈರೋಬಿ ಎತ್ತರದಲ್ಲಿರುವ ಊರು. ಶ್ರಾವಣದಲ್ಲಿ ಹೋಗಿ, ಅಳಿಯನ ಹಳೇ ಸ್ವೆಟರು ಹಾಕಿಕೊಂಡು ನಡುಗುತ್ತಾ ಕೂತಿದ್ದೆ. ನೀವು ಹೋಗುವ ಏಪ್ರಿಲ್ ಅಲ್ಲಿ ಮಳೆಗಾಲ. ಕೊಡೆ ಇಟ್ಟುಕೊಳ್ಳಿ.

ನಾನು ಊರು ನೋಡಲು ಹೋದವಳಲ್ಲ. ನಿಮ್ಮ ಅತ್ತೆ ಬಸುರಿಯಾಗಿದ್ದಳು. ಏಳನೆಯ ತಿಂಗಳಿನಲ್ಲಿ ಫೋನು ಮಾಡಿ, "ಅವ್ವ, ನೀನೇ ಬಂದು ನನ್ನ ಮಡಿಲು ತುಂಬಬೇಕು. ಇಲ್ಲಿ ಯಾರು ಏನಂತಾರೆ?" ಅಂದಳು.

ನಿಮಗೆ ಇದು ಗೊತ್ತಿರಲಾರದು. ನಿಮ್ಮ ತಾತ ಹೋದ ಮೇಲೆ ನಾನು ಯಾರ ಮಡಿಲಿಗೂ ಅಕ್ಕಿ ಹಾಕಿಲ್ಲ. ಮಡಿಲಕ್ಕಿ ಹಾಕುವುದು ಗಂಡ ಇರುವವರು. ಚಿನ್ನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮನ ಮಡಿಲನ್ನು ಪಕ್ಕದ ಮನೆಯವರು ತುಂಬಿದರು. ಅಕ್ಕಿ ನನ್ನದು, ಸೀರೆ ನಾನು ತಂದದ್ದು. ಹಾಡು ಮುಗಿಯುವವರೆಗೆ ನಾನು ಕೊಬ್ಬರಿ ಕೋಣೆಯಲ್ಲಿ ನಿಂತಿದ್ದೆ. ಯಾರೂ ಅಲ್ಲಿ ಹೋಗಿ ನಿಲ್ಲು ಅನ್ನಲಿಲ್ಲ, ನಾನೇ ಹೋಗಿ ನಿಂತೆ. ಹಾಗಾಗಿ ಮಗಳು ಫೋನಿನಲ್ಲಿ ಆ ಮಾತು ಅಂದಾಗ, ವಿಮಾನದ ಭಯವೂ ಹೋಯಿತು.

ನಮ್ಮ ಕಡೆಯವರು ಕೊಬ್ಬರಿ ಇಲ್ಲದೆ ಮಡಿಲು ತುಂಬುತ್ತಾರೆಯೇ? ಬಾವಿ ಹತ್ತಿರದ ಮರದ ಕಾಯಿ, ವರ್ಷವೆಲ್ಲ ಅಟ್ಟದ ಮೇಲೆ ಒಣಗಿ ಒಳಗೇ ಗುಡುಗುಡು ಅನ್ನುತ್ತಿದ್ದವು. ಆರಿಸಿ ಸುಲಿಸಿ, ಚಿಪ್ಪು ಬಿಡಿಸಿ, ಎರಡು ಹೋಳು ಮಾಡಿ, ಒರೆಸಿ ಗಿಟುಕುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡೆ. ಕಿಬ್ಬನಹಳ್ಳಿಯಲ್ಲಿ ಬಸ್ಸು ಹತ್ತುವಾಗಲೂ ಆ ಗಂಟು ನನ್ನ ತೊಡೆಯ ಮೇಲೇ ಇತ್ತು. ಜೊತೆಗೆ ನಮ್ಮ ಬೀಗಿತ್ತಿ, ನಿಮ್ಮ ಅತ್ತೆಯ ಅತ್ತೆ. ಚಿಕ್ಕನಾಯಕನಹಳ್ಳಿಯವರು. ಮಾತು ಜಾಸ್ತಿ, ಗಂಡ ಗಟ್ಟಿಯಾಗಿ ಇದ್ದಾರೆ.

ವಿಮಾನ ನಿಲ್ದಾಣದಲ್ಲಿ ಯೂನಿಫಾರಂ ಹಾಕಿದ್ದ ಹೆಂಗಸು ಗಂಟು ಬಿಚ್ಚಿದಳು.

"ಇದೇನಜ್ಜಿ?"

"ಕೊಬ್ಬರಿ ಕಣವ್ವ. ಮಗಳ ಮಡಿಲಿಗೆ."

"ಕೊಬ್ಬರಿ ವಿಮಾನದಲ್ಲಿ ಬಿಡಲ್ಲ. ಎಣ್ಣೆ ಪದಾರ್ಥ, ಬೆಂಕಿ ಹತ್ತುತ್ತೆ."

"ನಮ್ಮಟ್ಟದ ಮೇಲೆ ವರ್ಷಗಟ್ಲೆ ಇರ್ತೈತೆ, ಕೆಳಗೇ ಒಲೆ ಉರೀತದೆ. ಯಾವತ್ತೂ ಹತ್ತಿಲ್ಲ ಕಣವ್ವ."

ಅವಳು ನಕ್ಕಳು. "ನಿಮ್ಮಟ್ಟ ಹಾರಾಡಲ್ಲ ಅಲ್ವಾ ಅಜ್ಜಿ?"

ಹಿಂದೆ ನಿಂತಿದ್ದವರೂ ನಕ್ಕರು. ಗಿಟುಕೆಲ್ಲ ಪಕ್ಕದ ದೊಡ್ಡ ಡಬ್ಬಕ್ಕೆ ಹೋದವು. ಖಾಲಿ ಬಟ್ಟೆ ಮಡಿಸಿಕೊಳ್ಳುತ್ತಿದ್ದಾಗ ಬೀಗಿತ್ತಿ ಮೆಲ್ಲಗೆ, "ನಿಮ್ಮ ಕೈಲಿ ಅದು ಆಗಬಾರ್ದು ಅಂತ ಇತ್ತೇನೋ, ಬುಡಿ ಬೀಗ್ರೇ" ಅಂದರು. ಅವರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಆಗಲೇ ತಿಳಿಯಬೇಕಿತ್ತು. ಕೊಬ್ಬರಿ ಬಿಡುವುದಿಲ್ಲ, ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ನೀವು ಒಯ್ಯಬೇಡಿ.

ಆ ದೇಶದಲ್ಲಿ ಪ್ಲಾಸ್ಟಿಕ್ ಕವರೂ ಬಿಡುವುದಿಲ್ಲ, ಎಲ್ಲವನ್ನೂ ಬಟ್ಟೆ ಚೀಲಕ್ಕೆ ಹಾಕಿ. ನಮ್ಮ ಪ್ಲಗ್ಗು ಅಲ್ಲಿನ ಗೋಡೆಗೆ ಕೂರುವುದಿಲ್ಲ, ಚೌಕ ಕಾಲಿನದು ಬೇಕು. ನಲ್ಲಿ ನೀರು ಹಾಗೇ ಕುಡಿಯಬೇಡಿ. ಪಾಪಣ್ಣಿ, ಬೀದಿಯಲ್ಲಿ ಫೋನು ಕೈಯಲ್ಲಿ ಹಿಡಿದು ನಡೆಯಬೇಡ, ಕಿತ್ತುಕೊಂಡು ಹೋಗುತ್ತಾರೆ. ಸರ್ಕಾರದ ಕಟ್ಟಡಗಳ ಫೋಟೋ ತೆಗೆಯಬೇಡ. ಮಟಾಟು ಅಂತ ವ್ಯಾನುಗಳಿವೆ, ಮೈತುಂಬ ಬಣ್ಣ, ಒಳಗೆ ಎದೆ ನಡುಗುವ ಹಾಡು. ನಮ್ಮ ಟೆಂಪೋಗಳ ಹಾಗೆಯೇ ಬಾಗಿಲಲ್ಲಿ ನೇತಾಡುತ್ತಾ ಕೂಗಿ ಹತ್ತಿಸಿಕೊಳ್ಳುತ್ತಾರೆ. ಉಗಾಲಿ ಅಂದರೆ ಬಿಳಿ ಮುಸುಕಿನ ಜೋಳದ ಮುದ್ದೆ, ಸಪ್ಪೆ. ರಾಗಿಯೂ ಸಿಗುತ್ತದೆ, ಅದಕ್ಕೆ ವಿಂಬಿ ಅನ್ನುತ್ತಾರೆ. ಥ್ಯಾಂಕ್ಸ್‌ಗೆ ಅಸಾಂತೆ. ಯಾರಿಗಾದರೂ ನೋವಾದರೆ, ಎಡವಿ ಬಿದ್ದರೂ ಸರಿ, ಪೋಲೆ ಅನ್ನುತ್ತಾರೆ. ಮುದುಕಿಯರಿಗೆ ಶೋಶೋ.

ಮಡಿಲು ತುಂಬುವುದು ಭಾನುವಾರ ಅಂತ ಆಯಿತು. ಅಲ್ಲಿ ಕೊಬ್ಬರಿ ಅಂದರೆ ಪ್ಯಾಕೆಟ್ಟಿನ ಪುಡಿ. ಇಂಡಿಯಾದವರ ಅಂಗಡಿಯಲ್ಲಿ ಸಮುದ್ರದ ಕಡೆಯಿಂದ ಬಂದ ಸಣ್ಣ ತೆಂಗಿನಕಾಯಿ ಸಿಕ್ಕಿತು. ಅದನ್ನೇ ಇಟ್ಟು, ಅಕ್ಕಿ, ಬೆಲ್ಲ, ಬಳೆ, ಹಸಿರು ಸೀರೆ ಜೋಡಿಸಿದೆ. ಸುತ್ತಮುತ್ತಲಿನ ಕನ್ನಡದ ಹೆಂಗಸರು ಬಂದರು. ಮಗಳು ಕುರ್ಚಿಯಲ್ಲಿ ಸೆರಗು ಒಡ್ಡಿ ಕೂತಳು. ನಾನು ತಟ್ಟೆ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದಿದ್ದೆ. ಹಾಡುತ್ತಿದ್ದವರು ನಿಲ್ಲಿಸಿದರು.

ಬೀಗಿತ್ತಿ, "ಬೀಗ್ರೇ, ಒಳಗೆ ಪಾಯ್ಸ ತಳ ಹಿಡಿದಂಗೈತೆ, ನೋಡ್ರಮ್ಮ" ಅಂದರು.

ನಾನು ಕದಲಲಿಲ್ಲ. ಮಗಳನ್ನು ನೋಡಿದೆ. ಮಗಳು ಗಂಡನನ್ನು ನೋಡಿದಳು. ಅಳಿಯ ಊರ ಹೊರಗಿನ ಹೂವಿನ ತೋಟದಲ್ಲಿ ನೂರು ಆಳುಗಳ ಕೈಲಿ ಕೆಲಸ ಮಾಡಿಸುವವನು. ಅವನು ಫೋನು ನೋಡುತ್ತಿದ್ದ.

"ಅವ್ವ, ಒಂಚೂರು ನೋಡೋಗು" ಅಂದಳು ಮಗಳು. ಅವಳೇ ಅಂದಳು.

ಬೀಗಿತ್ತಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ನಾನು ಅಡುಗೆಮನೆಗೆ ಹೋದೆ. ಒಲೆ ಆರಿಸಿ ಎಷ್ಟೋ ಹೊತ್ತಾಗಿತ್ತು, ಪಾಯಸ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಆದರೂ ಸೌಟು ಹಾಕಿ ತಿರುವುತ್ತಾ ನಿಂತೆ. ಮನೆಗೆಲಸದ ಹೆಂಗಸು ಲೋಟ ತೆಗೆದುಕೊಳ್ಳಲು ಬಂದಳು. ನನ್ನನ್ನು ನೋಡಿ, "ಪೋಲೆ, ಶೋಶೋ" ಅಂದು ಲೋಟ ಎತ್ತಿಕೊಂಡು ಹೋದಳು. ಅವತ್ತು ಆ ಮನೆಯಲ್ಲಿ ನನಗೆ ಸಿಕ್ಕ ಸಮಾಧಾನದ ಮಾತು ಅದೊಂದೇ.

ಆಮೇಲೆ ಹೆರಿಗೆಯಾಯಿತು. ಬೀಗಿತ್ತಿಗೆ ಚಳಿ ಆಗಿಬರಲಿಲ್ಲ, ಬೇಗ ಹೊರಟರು. ಮಗಳಿಗೆ ಎಣ್ಣೆ ತಿಕ್ಕಿದ್ದು, ನೀರು ಹಾಕಿದ್ದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿದ್ದು ಎಲ್ಲ ನಾನು. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಈಗಲೂ ಮಗಳು ವಾರ ವಾರ ಫೋನು ಮಾಡುತ್ತಾಳೆ. ಊಟ, ಮಂಡಿ ನೋವು, ಮಳೆ ವಿಚಾರ ಕೇಳುತ್ತಾಳೆ. ಆ ಭಾನುವಾರದ ಮಾತು ಅವಳೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಕೊಬ್ಬರಿ, ಪ್ಲಾಸ್ಟಿಕ್ಕು ಎಲ್ಲ ತಡೆದವರು ಬೀಗಿತ್ತಿಯ ಶಾಸ್ತ್ರವನ್ನು ತಡೆಯಲಿಲ್ಲ ಅಂತ ಒಮ್ಮೊಮ್ಮೆ ಒಬ್ಬಳೇ ಇದ್ದಾಗ ಅಂದುಕೊಳ್ಳುತ್ತೇನೆ.

ನೀವು ಅಲ್ಲಿಗೆ ಹೋಗಿ ಅತ್ತೆಯನ್ನು ಇದನ್ನು ಕೇಳಬೇಡಿ. ಮಗುವನ್ನು ಎತ್ತಿಕೊಂಡು ಆಡಿಸಿ ಬನ್ನಿ. ಆದರೆ ಚಿನ್ನೂ, ಮುಂದೆ ನಿನ್ನ ಮಡಿಲು ತುಂಬುವ ದಿನ ಬಂದರೆ, ನನ್ನನ್ನು ಮೊದಲು ಕರೆ. ತಟ್ಟೆ ನನ್ನ ಕೈಗೆ ಕೊಡು. ಯಾರಾದರೂ ಪಾಯಸ ತಳ ಹಿಡೀತು ಅಂದರೆ, ಹಿಡೀಲಿ ಅನ್ನು. ಆ ದಿನ ನನಗೆ ಬಾಯಿ ಬರುವುದಿಲ್ಲ, ನೀನೇ ಅನ್ನಬೇಕು. ಅಷ್ಟರಲ್ಲಿ ಮರೆತುಬಿಡುತ್ತೀ ಅಂತ ನನಗೆ ಭಯ. ಈ ಹಾಳೆಗಳನ್ನು ಹಳದಿ ಕಾರ್ಡಿನ ಜೊತೆ ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಹಾಗೇ ವಾಪಸ್ ತನ್ನಿ. ಆಮೇಲೂ ಎಸೆಯಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ.