ಚನಬಸಪ್ಪನ ಒಂದೇ ಸೀಟಿನ ವಿಮಾನ

ಪೀಣ್ಯದಲ್ಲಿ ನನ್ನ ವರ್ಕ್‌ಶಾಪಿನ ಪಕ್ಕದ ಶೆಡ್ಡು ಚನಬಸಪ್ಪನದು. ಗದಗದ ಕಡೆಯವನು, ಗ್ರಿಲ್ಲು, ಗೇಟು, ರ‍್ಯಾಕು ಮಾಡಿಕೊಂಡಿದ್ದ. ೨೦೦೭ರಲ್ಲಿ ಒಂದು ದಿನ, ಒಬ್ಬನೇ ಕೂತು ಹಾರುವ ವಿಮಾನದ ನಕ್ಷೆಯನ್ನು ನನ್ನ ಮುಂದೆ ಹರಡಿದ. ನಕ್ಕುಬಿಡೋಣ ಎಂದುಕೊಂಡೆ. ಆದರೆ ಹಾಳಾದ್ದು, ನಕ್ಷೆ ಅಚ್ಚುಕಟ್ಟಾಗಿತ್ತು. ವಿಮಾನ ನೂರಮೂವತ್ತಾರು ಕೆಜಿ, ಅವನು ಎಪ್ಪತ್ತನಾಲ್ಕು. ಎರಡೂ ಸೇರಿ ಇನ್ನೂರಹತ್ತು; ಅದಕ್ಕಿಂತ ಹೆಚ್ಚಾದರೆ ನೆಲ ಬಿಡುವುದಿಲ್ಲ. ದೊಡ್ಡ ಆಸೆಯೇನಿಲ್ಲ, ಮೊಣಕಾಲೆತ್ತರ ಎದ್ದು ಇಳಿದರೂ ಸಾಕು ಎಂದ.

ಎರಡು ವರ್ಷ ಭಾನುವಾರಗಳೆಲ್ಲ ಅದಕ್ಕೇ ಹೋದವು. ಮುಗಿದ ಮೇಲೆ ಬಿಡಿಭಾಗಗಳನ್ನು ಗುಜರಿ ಮುನಿಯಣ್ಣನ ತಕ್ಕಡಿಯಲ್ಲಿಟ್ಟೆವು. ನೂರ ಎಪ್ಪತ್ತೊಂಬತ್ತು! ಮುನಿಯಣ್ಣ ಆಸೆಯಿಂದ, "ಇಲ್ಲೇ ಹಾಕ್ಬಿಡ್ತೀರಾ ಸಾರ್?" ಎಂದ.

ನನಗೆ ಕೋಪ ಬಂತು. ಮೂರು ಎಂಎಂ ತಗಡು ಎಂದು ಬರೆದಲ್ಲಿ ನಾಲ್ಕು ಹಾಕುವುದು, ಎರಡು ಬೋಲ್ಟಿನ ಕಡೆ ಮೂರು ಬಿಗಿಯುವುದು ಪೀಣ್ಯದ ನಮ್ಮೆಲ್ಲರ ಚಾಳಿ. ಈ ಮಹಾಶಯ ತನ್ನದೇ ನಕ್ಷೆಯ ಮೇಲೂ ಅದನ್ನೇ ಮಾಡಿದ್ದ.

"ಗಟ್ಟಿ ಇರ್ಲಿ ಅಂತ ಹಾಕಿದೆ. ಮಾಲು ರಿಟರ್ನ್ ಬರಬಾರದು ನೋಡ್ರಿ."

"ಇದನ್ನ ರಿಟರ್ನ್ ಮಾಡೋನು ಯಾರು ಗುರು? ನೀನೇ ತಾನೆ?"

ಪಾಪ, ಮುಖ ಸಪ್ಪಗಾಯಿತು. ಮತ್ತೆ ಬಿಚ್ಚಿದ, ಕೊರೆದ, ಉಜ್ಜಿದ. ನೂರೈವತ್ತೆಂಟಕ್ಕೆ ಇಳಿಯಿತು. ಇನ್ನು ತೆಗೆದರೆ ರೆಕ್ಕೆ ನಿಲ್ಲುವುದಿಲ್ಲ. ಆದರೂ ಇಪ್ಪತ್ತೆರಡು ಕೆಜಿ ಹೆಚ್ಚು.

ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ಶೈಲಾ ವಿಮಾನವನ್ನು ಒಂದು ಸುತ್ತು ಹಾಕಿದಳು. ದಿನವೂ ಲಾರಿಗಳ ನಡುವೆ ಮೊಪೆಡ್ ಓಡಿಸಿಕೊಂಡು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು. "ಇನ್ನ ತೆಗಿಯೋದು ನಿಮ್ಮನ್ನ ಒಬ್ರನ್ನ ರೀ. ನಾ ಐವತ್ತು ಕೆಜಿ ಅದೀನಿ," ಎಂದಳು.

ಅವನು ಎರಡು ದಿನ ವಿಮಾನದ ಕಡೆ ಹೋಗದೆ ಗೇಟುಗಳನ್ನೇ ಬೆಸೆದ. ಮೂರನೆಯ ದಿನ ತಾನೇ ಸೀಟನ್ನು ಅವಳ ಅಳತೆಗೆ ಮುಂದಕ್ಕೆ ಸರಿಸಿದ.

ಮಾದನಾಯಕನಹಳ್ಳಿಯ ಆಚೆ ಮನೆ ಏಳದ ಒಂದು ಲೇಔಟಿನ ನೇರ ರಸ್ತೆಯಲ್ಲಿ ಮೂರು ಭಾನುವಾರ ಅವಳು ನೆಲದ ಮೇಲೇ ಓಡಿಸಿ ಕಲಿತಳು. ನಾಲ್ಕನೆಯದಕ್ಕೆ ಪೂರ್ತಿ ವೇಗ. ಚನಬಸಪ್ಪ ರಸ್ತೆಯಂಚಿನಲ್ಲಿ ಬೋರಲು ಮಲಗಿ, ಕೆನ್ನೆಯನ್ನು ಟಾರಿಗೊತ್ತಿ ಚಕ್ರಗಳನ್ನೇ ನೋಡುತ್ತಿದ್ದ. ಚಕ್ರದಡಿ ಬೆಳಕು ಕಂಡಿತು. ನಾಲ್ಕು ಸೈಟಿನ ಉದ್ದಕ್ಕೂ ಕಂಡಿತು. ನಾನು ಕಿರುಚಿಕೊಂಡೆ, ನಾಚಿಕೆಯಿಲ್ಲದೆ ಅತ್ತೆ ಕೂಡ.

ಶೈಲಾ ಇಳಿದು ಬಂದವಳೇ, "ತೆಳು ತಗಡಿನ್ಯಾಗ ಇನ್ನೊಂದು ಮಾಡ್ರಿ. ಅದ್ರಾಗ ನೀವಽ ಕುಂದರ್ರಿ," ಎಂದಳು.

ಅವನು ಕೆನ್ನೆಗೆ ಅಂಟಿದ ಕಲ್ಲುಪುಡಿಯನ್ನೂ ಒರೆಸಿಕೊಂಡಿರಲಿಲ್ಲ. "ಬ್ಯಾಡ," ಎಂದ. "ಒಳಗ ಕುಂತಿದ್ರ ಅದು ಹಾರಿದ್ದು ನನಗ ಕಾಣ್ತಿರಲಿಲ್ಲ."