ಪ್ರಯೋಗದ ಮೇಷ್ಟ್ರು

ಸಾಹಿತ್ಯ ವಿಭಾಗದಲ್ಲಿ ನಾನು ಚಹಾ ಕೊಡುವವಳು. ಅಲ್ಲಿನವರು ಪ್ರಯೋಗದ ಮೇಷ್ಟ್ರು ಎಂದು ಕರೆಯುವ ಕವಿಯನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಅವರು ಮೊದಲು ವಿವರಣೆ ಬರೆಯುತ್ತಾರೆ, ಆಮೇಲೆ ಅದಕ್ಕೆ ಒಪ್ಪುವ ಕವಿತೆ. ಸಿದ್ಧಾಂತದ ಹೊಸ ಪುಸ್ತಕ ಬಂದ ವಾರವೇ ಅವರ ಸಾಲುಗಳೂ ವೇಷ ಬದಲಿಸುತ್ತವೆ. ಒಮ್ಮೆ ಒಂದೇ ಪದವನ್ನು ಒಡೆದು ಪುಟದ ತುಂಬ ಚೆಲ್ಲಿ, “ನಡುವಿನ ಖಾಲಿ ಜಾಗಾನೇ ನಿಜವಾದ ಕವಿತೆ ಅಮ್ಮ” ಎಂದರು. “ಹಾಗಾದ್ರೆ ಉಳಿದಿದ್ದು ಯಾಕೆ ಬರೆದ್ರಿ?” ಎಂದೆ. “ಸಮಿತಿಯವ್ರಿಗೆ ಏನಾದ್ರೂ ಕಾಣಬೇಕಲ್ಲ!” ಎಂದು ನಕ್ಕರು. ಸಮಿತಿ ಎಂದರೆ ಪ್ರತಿ ಬುಧವಾರ ಸೇರಿ, ವಿಭಾಗದ ಪತ್ರಿಕೆಯಲ್ಲಿ ಯಾವ ಕವಿತೆ ಅಚ್ಚಾಗಬೇಕೆಂದು ತೀರ್ಮಾನಿಸುವ ಐದು ಜನ. ಹೆಂಡತಿ ತೀರಿಕೊಂಡ ತಿಂಗಳು ಮೇಷ್ಟ್ರು ವಿವರಣೆಯಿಲ್ಲದ ನಾಲ್ಕು ಸಾಲು ಬರೆದು ನನಗೆ ಓದಿದರು: ಆಕೆಯ ಕನ್ನಡಕವನ್ನು ಈಗಲೂ ದಿನಾ ಒರೆಸಿಡುತ್ತೇನೆ ಎಂದಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬುಧವಾರ ಸಮಿತಿಯ ಅಧ್ಯಕ್ಷರು, “ಎಲ್ಲಾ ಅರ್ಥ ಆಗ್ಬಿಡುತ್ತಲ್ರೀ, ಇದ್ರಲ್ಲಿ ಪ್ರಯೋಗ ಎಲ್ಲಿದೆ?” ಎಂದರು. ಎಲ್ಲರಿಗಿಂತ ಮೊದಲು ನಕ್ಕವರು ಮೇಷ್ಟ್ರೇ. “ದುಃಖದಲ್ಲಿ ಬರೆದಿದ್ದು ಸಾರ್, ತಿದ್ದಿ ತರ್ತೀನಿ” ಎಂದು ಅಲ್ಲೇ ಹಾಳೆ ಹರಿದರು. ಮುಂದಿನ ವಾರ ಹನ್ನೊಂದು ಪುಟ ತಂದರು. ಚಪ್ಪಾಳೆ ಬಿತ್ತು, ಅಚ್ಚಿಗೂ ಹೋಯಿತು. ಹೊರಗೆ ಬಂದು, “ಹೇಗಿತ್ತಮ್ಮ?” ಎಂದರು. “ಇದ್ರಲ್ಲಿ ನಿಮ್ಮನೆಯವ್ರು ಎಲ್ಲಿದಾರೆ ಮೇಷ್ಟ್ರೇ?” ಎಂದೆ. ಅವರು ಪುಟಗಳನ್ನು ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು. ಕೊನೆಗೆ ತಗ್ಗಿದ ದನಿಯಲ್ಲಿ, “ಆ ನಾಲ್ಕು ಸಾಲು ನಿಮಗೇನಾದ್ರೂ ನೆನಪಿದೆಯಾ ಅಮ್ಮ?” ಎಂದರು.